ಯುರೋಪಲ್ಲಿ ಬ್ರೇನ್ ಸ್ಟಿಮ್ಯುಲೇಶನ್ ಮೆಷೀನನ್ನ ಕ್ಲಾಸ್ 3ಕ್ಕೆ ಹಾಕಿದಾರಂತೆ, ಅದನ್ನ ಡಾಕ್ಟರ್‌ಗಳ ಸಂಘಗಳೇ ಯಾಕೆ ವಿರೋಧಿಸ್ತಿವೆ? ಸೇಫ್ಟಿ ಬೇಡ್ವಾ ಅವರಿಗೆ?

ನಿಮ್ಮ ಅಣ್ಣನಿಗೆ ಬೆಂಗಳೂರಲ್ಲಿ ಡಿಪ್ರೆಶನ್‌ಗೆ ಟಿಎಂಎಸ್ (ತಲೆಯ ಹೊರಗಿಂದಲೇ ಮ್ಯಾಗ್ನೆಟಿಕ್ ಫೀಲ್ಡ್ ಕಳಿಸಿ ಮೆದುಳನ್ನ ಪ್ರಚೋದಿಸೋ ಚಿಕಿತ್ಸೆ) ಮಾಡಿಸಿ ಅಂದಿದಾರೆ, ನೀವು ನೆಟ್‌ನಲ್ಲಿ ಹುಡುಕಿದಾಗ ಯುರೋಪಿನ ಈ ಸುದ್ದಿ ಸಿಕ್ಕಿ ಗಾಬರಿಯಾಗಿದೆ ಅಂತ ಬರೆದಿದೀರ. ನಾನು ದಾವಣಗೆರೆ ಕಡೆಯವನು, ಈಗ ಜರ್ಮನಿಯ ಒಂದು ಯೂನಿವರ್ಸಿಟಿ ಲ್ಯಾಬಲ್ಲಿ ಇದೇ ಮೆಷೀನುಗಳ ಜೊತೆ ಕೆಲಸ ಮಾಡೋ ಇಂಜಿನಿಯರ್, ಡಾಕ್ಟರ್ ಅಲ್ಲ. ಸಂಘಗಳ ವಿರೋಧ ಸರಿ ಇದೆ ಅನ್ನೋ ಪಕ್ಷ ನಂದು, ಅದನ್ನ ಮೊದಲೇ ಹೇಳ್ತೀನಿ, ಓದುವಾಗ ಅದು ನಿಮ್ಮ ಗಮನದಲ್ಲಿರಲಿ.

ಮೊದಲು ಆಗಿದ್ದೇನು ಅಂತ ನೋಡಿ. ಯುರೋಪಿಯನ್ ಯೂನಿಯನ್ 2017ರಲ್ಲಿ ಮೆಡಿಕಲ್ ಡಿವೈಸ್‌ಗಳಿಗೆ ಹೊಸ ಕಾನೂನು ತಂತು, ಜಾರಿಗೆ ಬಂದಿದ್ದು 2021ರ ಮೇ 26ಕ್ಕೆ. ಅದರ ಕೊನೇಲಿ ಒಂದು ಪಟ್ಟಿ ಇದೆ, ಚಿಕಿತ್ಸೆಗಲ್ಲದಿದ್ರೂ ಮೆಡಿಕಲ್ ಡಿವೈಸ್ ಥರಾನೇ ನೋಡಬೇಕಾದ ವಸ್ತುಗಳದ್ದು. ಬಣ್ಣದ ಕಾಂಟ್ಯಾಕ್ಟ್ ಲೆನ್ಸು, ಮುಖಕ್ಕೆ ಚುಚ್ಚೋ ಫಿಲ್ಲರ್‌ಗಳು, ಕೊಬ್ಬು ತೆಗೆಯೋ ಮೆಷೀನು, ಕೂದಲು ತೆಗೆಯೋ ಲೇಸರ್ರು ಎಲ್ಲಾ ಇವೆ, ಆರನೇದಾಗಿ ತಲೆಬುರುಡೆ ದಾಟಿ ಕರೆಂಟು ಅಥವಾ ಮ್ಯಾಗ್ನೆಟಿಕ್ ಫೀಲ್ಡ್ ಕಳಿಸಿ ಮೆದುಳಿನ ನರಕೋಶಗಳ ಚಟುವಟಿಕೆ ಬದಲಾಯಿಸೋ ಉಪಕರಣಗಳು. ಆಮೇಲೆ 2022ರ ಡಿಸೆಂಬರ್ 1ಕ್ಕೆ ಯುರೋಪಿಯನ್ ಕಮಿಷನ್ 2022/2347 ಅನ್ನೋ ನಿಯಮ ಹೊರಡಿಸಿ ಈ ಆರನೇ ಗುಂಪನ್ನ ನೇರವಾಗಿ ಕ್ಲಾಸ್ 3ಕ್ಕೆ ಏರಿಸಿಬಿಡ್ತು. ಕ್ಲಾಸ್ 3 ಅಂದ್ರೆ ಎದೆಯೊಳಗೆ ಇಡೋ ಪೇಸ್‌ಮೇಕರ್, ತಲೆಬುರುಡೆ ಕೊರೆದು ಮೆದುಳಿನ ಆಳಕ್ಕೆ ತಂತಿ ಇಳಿಸೋ ಡೀಪ್ ಬ್ರೇನ್ ಸ್ಟಿಮ್ಯುಲೇಟರ್ ಇರೋ ಕ್ಲಾಸು, ಅಪಾಯದ ಲೆಕ್ಕದಲ್ಲಿ ಅದಕ್ಕಿಂತ ಮೇಲಿನದು ಇಲ್ಲ. ಆಸ್ಪತ್ರೇಲಿ ಚಿಕಿತ್ಸೆಗೆ ಬಳಸೋ ಟಿಎಂಎಸ್ ಮೆಷೀನುಗಳು ಬರೋದು ಸಾಮಾನ್ಯವಾಗಿ 2ಎ ಕ್ಲಾಸಲ್ಲಿ, ಅಂದ್ರೆ ಕಮ್ಮಿಯಿಂದ ಮಧ್ಯಮ ಅಪಾಯದ ಗುಂಪಲ್ಲಿ.

ಕಮಿಷನ್ ಕೊಟ್ಟ ಕಾರಣ ಏನಂದ್ರೆ, ಮೆದುಳಿನ ಚಟುವಟಿಕೆ ಬದಲಾದ್ರೆ ಅದರ ಪರಿಣಾಮ ಬಹಳ ಕಾಲ ಉಳಿಯಬಹುದು, ಬೇಡದ ಪರಿಣಾಮ ಏನಾದ್ರೂ ಆದ್ರೆ ಹಿಂದಕ್ಕೆ ತರೋದು ಕಷ್ಟ ಅಂತ. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಸಂಘಗಳು ಹಿಡಿದಿರೋದು ಇದೇ ಜಾಗವನ್ನ, ಯುರೋಪಿಯನ್ ಸೊಸೈಟಿ ಫಾರ್ ಬ್ರೇನ್ ಸ್ಟಿಮ್ಯುಲೇಶನ್‌ನವರು 2023ರಲ್ಲಿ ಬಹಿರಂಗವಾಗಿ ಆಕ್ಷೇಪ ಎತ್ತಿದ್ದು "ನಿಯಮ ಬೇಡ" ಅಂತಲ್ಲ, "ಈ ಅಪಾಯಕ್ಕೆ ಪುರಾವೆ ಎಲ್ಲಿದೆ" ಅಂತ. ಪುರಾವೆ ನೋಡಿದ್ರೆ ಬೇರೇನೇ ಚಿತ್ರ ಬರುತ್ತೆ. ಟಿಎಂಎಸ್‌ನ ಅತಿ ದೊಡ್ಡ ಭಯ ಫಿಟ್ಸ್, 2019ರಲ್ಲಿ ಬಂದ ಒಂದು ಸಮೀಕ್ಷೇಲಿ ಮೂರು ಲಕ್ಷಕ್ಕೂ ಜಾಸ್ತಿ ಸೆಷನ್‌ಗಳಲ್ಲಿ 24 ಫಿಟ್ಸ್ ಕೇಸು ವರದಿಯಾಗಿದ್ವು, ಅದರಲ್ಲೂ ಬಹಳಷ್ಟು ಜನಕ್ಕೆ ಮೊದಲೇ ಬೇರೆ ಕಾರಣಗಳಿದ್ವು ಅಥವಾ ಡೋಸ್ ಮಿತಿ ಮೀರಿತ್ತು. ಟಿಡಿಸಿಎಸ್ ಅಂದ್ರೆ ತಲೆ ಮೇಲೆ ಒದ್ದೆ ಸ್ಪಾಂಜ್ ಇಟ್ಟು ಒಂದೆರಡು ಮಿಲಿಆಂಪ್ ಕರೆಂಟ್ ಕೊಡೋದು, ಅದರಲ್ಲಂತೂ 33,200 ಸೆಷನ್‌ಗಳ ಲೆಕ್ಕ ತೆಗೆದ 2016ರ ವಿಮರ್ಶೇಲಿ ಒಂದೂ ಗಂಭೀರ ಹಾನಿ ಸಿಗಲಿಲ್ಲ, ಚರ್ಮ ಕೆಂಪಾಗೋದು, ತುರಿಕೆ, ತಲೆನೋವು ಇಷ್ಟೇ. ಅಮೆರಿಕದ ಔಷಧ, ಮೆಡಿಕಲ್ ಡಿವೈಸ್ ನಿಯಂತ್ರಿಸೋ ಸಂಸ್ಥೆ ಎಫ್‌ಡಿಎ 2008ರಲ್ಲಿ ಡಿಪ್ರೆಶನ್‌ಗೆ ಮೊದಲ ಟಿಎಂಎಸ್ ಮೆಷೀನಿಗೆ ಅನುಮತಿ ಕೊಟ್ಟಾಗ ಅದನ್ನ ಮಧ್ಯದ ಕ್ಲಾಸಲ್ಲೇ ಇಟ್ಟಿತು, ಇವತ್ತಿಗೂ ಅಲ್ಲೇ ಇದೆ.

ಇಲ್ಲಿ ನೀವು ಕೇಳಬಹುದು, ನಿಯಮ ಇರೋದು ಚಿಕಿತ್ಸೆಗಲ್ಲದ ಮೆಷೀನಿಗೆ ತಾನೆ, ಡಾಕ್ಟರ್‌ಗಳಿಗೇನು ತೊಂದರೆ ಅಂತ. ನೇರ ಉತ್ತರ: ಕಾನೂನಿನ ಅಕ್ಷರ ಪ್ರಕಾರ ಹೌದು, ಅದು ಚಿಕಿತ್ಸೆಗಲ್ಲದ್ದಕ್ಕೆ. ನಿಜವಾಗಿ ಕಮಿಷನ್‌ಗೆ ಬೇಕಾಗಿದ್ದು ಗೇಮ್ ಆಡೋರಿಗೆ, ಪರೀಕ್ಷೆಗೆ ಓದೋರಿಗೆ "ಬುದ್ಧಿ ಚುರುಕಾಗುತ್ತೆ" ಅಂತ ಆನ್‌ಲೈನಲ್ಲಿ ಮಾರೋ ಹೆಡ್‌ಸೆಟ್‌ಗಳನ್ನ ಹಿಡಿಯೋಕೆ. ಆದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು. ಮೆಷೀನು ಒಂದೇ, ಬೆಳಿಗ್ಗೆ ವಾರ್ಡಲ್ಲಿ ಪೇಷೆಂಟಿಗೆ ಹಾಕೋದನ್ನೇ ಮಧ್ಯಾಹ್ನ ನೆನಪಿನ ಶಕ್ತಿ ಬಗ್ಗೆ ಅಧ್ಯಯನ ಮಾಡೋಕೆ ಆರೋಗ್ಯವಂತ ವಾಲಂಟಿಯರ್‌ಗಳ ಮೇಲೆ ಬಳಸ್ತೀವಿ, ಹಾಗಾದ್ರೆ ಬೆಳಿಗ್ಗೆ ಕಮ್ಮಿ ಅಪಾಯ ಮಧ್ಯಾಹ್ನ ಅತಿ ಹೆಚ್ಚು ಅಪಾಯ ಅಂತ ಹೇಳೋದಕ್ಕೆ ಏನು ಅರ್ಥ? ಚಿಕಿತ್ಸೆಗೂ ಬೇರೆ ಉದ್ದೇಶಕ್ಕೂ ಮಾರೋ ಮೆಷೀನು ಎರಡೂ ಕಡೆಯ ಷರತ್ತು ಪೂರೈಸಬೇಕು ಅಂತ ಅದೇ ಕಾನೂನಲ್ಲಿದೆ. ಕ್ಲಾಸ್ 3 ಆದ್ರೆ ಕಂಪನಿಯವರು ಕ್ಲಿನಿಕಲ್ ಪುರಾವೆ, ದಾಖಲೆ, ಹೊರಗಿನ ಸಂಸ್ಥೆಯ ತಪಾಸಣೆ ಎಲ್ಲಾ ಮಾಡಿಸೋಕೆ ವರ್ಷಗಟ್ಟಲೆ ಟೈಮು, ತುಂಬಾ ದುಡ್ಡು ಬೇಕು, ಈ ಫೀಲ್ಡಲ್ಲಿ ಬಹಳಷ್ಟು ಚಿಕ್ಕ ಕಂಪನಿಗಳೇ ಇರೋದು. ಸಂಶೋಧನೆಗೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿಗೆ ನಮ್ಮ ಅಧ್ಯಯನದ ಯೋಜನೆ ಕಳಿಸಿದ್ರೆ "ಇದು ಕ್ಲಾಸ್ 3 ಅಲ್ವಾ" ಅನ್ನೋ ಪ್ರಶ್ನೆ ಬರುತ್ತೆ, ಉತ್ತರ ಬರೆದು ಬರೆದು ಸಾಕಾಗಿದೆ ನಮಗೆ. ಕೊನೆಗೆ ಇದರ ಪೆಟ್ಟು ಬೀಳೋದು ಎರಡು ಮೂರು ಮಾತ್ರೆ ಬದಲಾಯಿಸಿದ್ರೂ ಗುಣ ಆಗದ ಪೇಷೆಂಟ್‌ಗಳಿಗೆ, ನನಗೆ ಹೊಟ್ಟೆ ಉರಿಯೋದು ಅದಕ್ಕೇ.

ಈ ಸಂಘಗಳವರು ತಮ್ಮ ದಂಧೆ ಉಳಿಸ್ಕೊಳ್ಳೋಕೆ ಹೀಗೆ ಮಾತಾಡ್ತಿದಾರಾ ಅನ್ನೋ ಅನುಮಾನ ನಿಮಗೆ ಬಂದ್ರೆ ತಪ್ಪಲ್ಲ, ಈ ಫೀಲ್ಡಿನ ಕೆಲವರಿಗೆ ಕಂಪನಿಗಳ ಜೊತೆ ಸಂಬಂಧ ಇದೆ, ಅದನ್ನ ಅವರ ಲೇಖನದ ಕೊನೇಲಿ ಬರೆದಿರ್ತಾರೆ, ಓದಿ. ಆದ್ರೆ ಮನೇಲೇ 9 ವೋಲ್ಟ್ ಬ್ಯಾಟರಿ ಹಚ್ಚಿ ತಲೆಗೆ ಕರೆಂಟ್ ಕೊಟ್ಕೊಳ್ಳೋ ಹುಚ್ಚು ಹಬ್ಬಿದಾಗ, 2016ರಲ್ಲಿ ಬಹಿರಂಗ ಪತ್ರ ಬರೆದು ಎಚ್ಚರಿಕೆ ಕೊಟ್ಟವರೂ ಇದೇ ಸಂಶೋಧಕ ಸಮುದಾಯದವರು. ನನ್ನ ತಕರಾರು ಬೇರೆ. ಆ ಪಟ್ಟಿ 2017ರಲ್ಲೇ ಅಚ್ಚಾಗಿತ್ತು, ಕೂಗು ಜೋರಾಗಿ ಕೇಳಿಸಿದ್ದು 2022 ಮುಗಿದ ಮೇಲೆ. ಇನ್ನೊಂದು, "ಕ್ಲಾಸ್ 3 ಬೇಡ" ಅಂದ್ರೆ ಸಾಲದು, ಏನು ಬೇಕು ಅಂತ ಲೆಕ್ಕ ಹಾಕಿ ಕೊಡಬೇಕು: ಎಷ್ಟು ಮಿಲಿಆಂಪ್‌ವರೆಗೆ, ಎಷ್ಟು ನಿಮಿಷ, ಮನೇಲಿ ಬಳಸೋದಕ್ಕೆ ಯಾರ ನಿಗಾ, ಮಕ್ಕಳಿಗೆ ಮಾರಬಹುದಾ. ಹಾಗೆ ಬಿಡಿಬಿಡಿಯಾಗಿ ನೋಡೋದು ಅಸಾಧ್ಯ ಏನಲ್ಲ, ಎಫ್‌ಡಿಎ 2019ರಲ್ಲಿ ಕ್ರೇನಿಯಲ್ ಎಲೆಕ್ಟ್ರೋಥೆರಪಿ ಅನ್ನೋ ಇನ್ನೊಂದು ಥರದ ಉಪಕರಣವನ್ನ ಆತಂಕ, ನಿದ್ರಾಹೀನತೆಗೆ ಮಧ್ಯದ ಕ್ಲಾಸಲ್ಲಿ, ಡಿಪ್ರೆಶನ್‌ಗೆ ಮೇಲಿನ ಕ್ಲಾಸಲ್ಲಿ ಇಟ್ಟಿತು.

ನಮ್ಮ ಭಾರತದಲ್ಲಿ ಕಥೆ ಬೇರೆ. 2017ರ ಮೆಡಿಕಲ್ ಡಿವೈಸ್ ರೂಲ್ಸ್ ಪ್ರಕಾರ ಎ ಇಂದ ಡಿ ವರೆಗೆ ಕ್ಲಾಸುಗಳಿವೆ, 2020ರ ಏಪ್ರಿಲ್‌ನಿಂದ ಎಲ್ಲಾ ಮೆಡಿಕಲ್ ಡಿವೈಸ್‌ಗಳೂ ಕಾನೂನಿನ ಕೆಳಗೆ ಬಂದ್ವು. ಆದ್ರೆ ಅದು ನೋಡೋದು ತಯಾರಿಕೆ, ಆಮದು, ಮಾರಾಟ, ಮೆಷೀನನ್ನ ಯಾರು ಹೇಗೆ ಬಳಸ್ತಾರೆ ಅನ್ನೋದನ್ನಲ್ಲ. 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟ್ ಅರಿವಳಿಕೆ ಕೊಡದೆ ಇಸಿಟಿ (ಮೆದುಳಿಗೆ ಕರೆಂಟ್ ಕೊಟ್ಟು ಬೇಕಂತಲೇ ಫಿಟ್ಸ್ ಬರಿಸೋ ಚಿಕಿತ್ಸೆ) ಮಾಡೋ ಹಾಗಿಲ್ಲ ಅಂತ ಖಡಕ್ಕಾಗಿ ಹೇಳುತ್ತೆ, ಟಿಎಂಎಸ್ ಹೆಸರು ಅದರಲ್ಲಿಲ್ಲ. ಹಾಗಾಗಿ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯ ಗೈಡ್‌ಲೈನ್‌ಗಳು, ನಿಮ್ಹಾನ್ಸ್ ಥರದ ಕಡೆ ಕೊಡೋ ತರಬೇತಿ, ಇವೇ ನಮಗೆ ದೊಡ್ಡ ಆಸರೆ. ಯುರೋಪಲ್ಲಿ ನಿಯಮ ಅತಿಯಾಗಿದೆ ಅಂತ ಜಗಳ, ನಮ್ಮ ಸಂಘಗಳು ಕೇಳಬೇಕಾಗಿರೋದು ಬಳಸೋರಿಗೆ ಕಡ್ಡಾಯ ತರಬೇತಿ.

ನಿಮ್ಮ ಅಣ್ಣನ ವಿಷಯಕ್ಕೆ ಕ್ಲಾಸ್ 3 ಸುದ್ದಿ ನೋಡಿ ಬೇಡ ಅನ್ನಬೇಡಿ. ಕ್ಲಿನಿಕ್ಕಲ್ಲಿ ಕೇಳಿ, ಸೈಕಿಯಾಟ್ರಿಸ್ಟ್ ಅಲ್ಲೇ ಇರ್ತಾರಾ, ಮೋಟರ್ ಥ್ರೆಶೋಲ್ಡ್ ಅಂದ್ರೆ ಕೈಬೆರಳು ಅಲ್ಲಾಡೋಕೆ ಎಷ್ಟು ಶಕ್ತಿ ಬೇಕು ಅಂತ ಅವರ ತಲೆಗೆ ಅಳೆದು ಡೋಸ್ ಇಡ್ತಾರಾ ಇಲ್ಲಾ ಎಲ್ಲರಿಗೂ ಒಂದೇನಾ, ಕಿವಿಗೆ ಇಯರ್‌ಪ್ಲಗ್ ಕೊಡ್ತಾರಾ, ಫಿಟ್ಸ್ ಬಂದ್ರೆ ನೋಡ್ಕೊಳ್ಳೋ ವ್ಯವಸ್ಥೆ ಇದೆಯಾ. ತಲೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಕ್ಲಿಪ್ ಥರ ಯಾವುದಾದ್ರೂ ಲೋಹ ಇದ್ರೆ, ಹಿಂದೆ ಯಾವಾಗಾದ್ರೂ ಫಿಟ್ಸ್ ಬಂದಿದ್ರೆ, ತಗೊಳ್ತಿರೋ ಮಾತ್ರೆಗಳು, ಕುಡಿಯೋ ಅಭ್ಯಾಸ, ಯಾವುದನ್ನೂ ಮುಚ್ಚಿಡದೆ ಮೊದಲೇ ಹೇಳಿ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ ಹೋಗಬೇಕಾಗುತ್ತೆ, ಎಲ್ಲರಿಗೂ ಗುಣ ಆಗಲ್ಲ, ಆ ಮಾತನ್ನೂ ಅವರ ಬಾಯಿಂದಲೇ ಕೇಳಿ. "ನೂರಕ್ಕೆ ನೂರು ಗ್ಯಾರಂಟಿ" ಅನ್ನೋ ಕ್ಲಿನಿಕ್ ಆದ್ರೆ ಬೇರೆ ಕಡೆ ತೋರಿಸಿ.