ನೆಟ್‌ವರ್ಕಿನಿಂದಲೇ ಎದ್ದ ಯಂತ್ರಕ್ಕೆ ನೆಟ್‌ವರ್ಕ್ ಕಾಣದೇಕೆ?

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯಕ್ಕೆ ಕಚೇರಿಯೊಂದರಿಂದ ನಾಲ್ಕು ಹಳೆಯ ಕಂಪ್ಯೂಟರುಗಳು ದಾನವಾಗಿ ಬಂದಿವೆ. ಹಾರ್ಡ್ ಡಿಸ್ಕುಗಳನ್ನು ಕೊಟ್ಟವರೇ ತೆಗೆದುಕೊಂಡಿದ್ದಾರೆ. ಪ್ರತಿಯೊಂದರಲ್ಲೂ 512 ಎಂಬಿ ಮೆಮೊರಿ ಮತ್ತು ಇಂಟೆಲ್ ನೆಟ್‌ವರ್ಕ್ ಕಾರ್ಡ್ ಇವೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಜೋಡಿಸಿ ತಂದ ಹೊಸ ಕಂಪ್ಯೂಟರಿಗೆ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಹಾಕಿ ಅದನ್ನು ಸರ್ವರ್ ಮಾಡಿಕೊಂಡು, ಅದರದ್ದೇ ಕರ್ನೆಲ್ (ಲಿನಕ್ಸಿನ ತಿರುಳು) ಮತ್ತು ಇನಿಟ್‌ಆರ್‌ಡಿ (ಆರಂಭದಲ್ಲಿ ಮೆಮೊರಿಯಲ್ಲಿ ಬಿಚ್ಚಿಕೊಳ್ಳುವ ಪುಟ್ಟ ಕಡತವ್ಯವಸ್ಥೆ) ಕಡತಗಳನ್ನು ಹಳೆಯವಕ್ಕೆ ಪಿಎಕ್ಸ್‌ಇ (ಡಿಸ್ಕಿಲ್ಲದೆ ನೆಟ್‌ವರ್ಕಿನಿಂದಲೇ ಯಂತ್ರ ಎಬ್ಬಿಸುವ ವಿಧಾನ) ಮೂಲಕ ಕಳುಹಿಸುತ್ತಿದ್ದೇವೆ. ಎರಡೂ ತಲುಪುತ್ತವೆ, ಕರ್ನೆಲ್ ಚಾಲೂ ಆಗುತ್ತದೆ, ಅನಂತರ ‘ನೋ ಡಿವೈಸಸ್ ಟು ಕಾನ್ಫಿಗರ್’ (ಸಜ್ಜುಗೊಳಿಸಲು ಸಾಧನವೇ ಇಲ್ಲ) ಎಂಬ ಸಾಲು ಬಂದು ಅಲ್ಲಿಗೇ ನಿಲ್ಲುತ್ತದೆ. ಈಗಷ್ಟೇ ನೆಟ್‌ವರ್ಕಿನಿಂದ ಕಡತ ತಂದ ಯಂತ್ರಕ್ಕೆ ಕಾರ್ಡೇ ಕಾಣುವುದಿಲ್ಲವೇ? ಇಡೀ ವ್ಯವಸ್ಥೆಯನ್ನೇ ರ‍್ಯಾಮ್‌ಡಿಸ್ಕಿನಲ್ಲಿಟ್ಟು (ಮೆಮೊರಿಯನ್ನೇ ಡಿಸ್ಕಿನಂತೆ ಬಳಸಿ) ಕಳುಹಿಸಿದರೆ ತೊಂದರೆ ತಪ್ಪುವುದೇ?

ಉತ್ತರ: ಕಡತ ತಂದದ್ದು ಲಿನಕ್ಸ್ ಅಲ್ಲ. ಆ ಕೆಲಸ ಮಾಡಿದ್ದು ನೆಟ್‌ವರ್ಕ್ ಕಾರ್ಡಿನ ರೋಮ್ (ಕಾಯಂ ಮೆಮೊರಿ) ಚಿಪ್ಪಿನಲ್ಲಿರುವ ಪುಟ್ಟ ಪ್ರೋಗ್ರಾಂ. ಅದು ಡಿಎಚ್‌ಸಿಪಿಯಿಂದ (ಯಂತ್ರಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ವಿಳಾಸ ಪಡೆದು, ಟಿಎಫ್‌ಟಿಪಿಯಿಂದ (ಕಡತ ಸಾಗಿಸುವ ಸರಳ ವಿಧಾನ) ಕಡತಗಳನ್ನು ಮೆಮೊರಿಗೆ ತಂದಿಡಲು ನೆರವಾಗುತ್ತದೆ. ಕರ್ನೆಲ್ ಅಧಿಕಾರ ವಹಿಸಿಕೊಂಡ ಕ್ಷಣದಿಂದ ಆ ಪ್ರೋಗ್ರಾಮಿನ ಪಾತ್ರ ಮುಗಿಯಿತು, ಮತ್ತು ಕಾರ್ಡನ್ನು ಲಿನಕ್ಸ್ ತನ್ನದೇ ಡ್ರೈವರಿನಿಂದ (ಸಾಧನವನ್ನು ನಡೆಸುವ ಪ್ರೋಗ್ರಾಂ) ಮೊದಲಿನಿಂದ ಎಬ್ಬಿಸಬೇಕು. ಡ್ರೈವರ್ ಇರುವುದು ಎನ್‌ಎಫ್‌ಎಸ್ (ಸರ್ವರಿನ ಕಡತಗಳನ್ನು ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವ ವಿಧಾನ) ಮೂಲಕ ಸಿಗಬೇಕಾದ ಕಡತವ್ಯವಸ್ಥೆಯಲ್ಲಿ, ಆ ವ್ಯವಸ್ಥೆಯನ್ನು ಮುಟ್ಟಲು ಡ್ರೈವರ್ ಬೇಕು! ಈ ಗಂಟನ್ನು ಬಿಡಿಸುವುದಕ್ಕೆಂದೇ ಇನಿಟ್‌ಆರ್‌ಡಿ ಇದೆ. ಅದು ದಾರಿಯ ಬುತ್ತಿ. ಯಾರ ಪ್ರಯಾಣಕ್ಕೆಂದು ಕಟ್ಟಿದ್ದಾರೋ ಅವರಿಗಷ್ಟೇ ಒದಗುತ್ತದೆ.

ನಿಮ್ಮ ಬುತ್ತಿಯನ್ನು ಕಟ್ಟಿದ್ದು ಸರ್ವರಿಗಾಗಿ. ಡೆಬಿಯನ್ ಅನುಸ್ಥಾಪನೆಯ ವೇಳೆ, ಎಲ್ಲ ಡ್ರೈವರುಗಳು ಬೇಕೋ ಈ ಯಂತ್ರಕ್ಕೆ ತಕ್ಕವು ಮಾತ್ರ ಸಾಕೋ ಎಂಬ ಪ್ರಶ್ನೆಗೆ ನೀವು ಎರಡನೆಯದನ್ನು ಆರಿಸಿರುವ ಸಂಭವ ಹೆಚ್ಚು. ಹಾಗಿದ್ದರೆ ಅದರೊಳಗೆ ಹೊಸ ಯಂತ್ರ ಏಳಲು ಬೇಕಾದ ಡ್ರೈವರುಗಳು ಇರುತ್ತವೆಯೇ ಹೊರತು, ಹಳೆಯ ಇಂಟೆಲ್ ಕಾರ್ಡುಗಳು ಕೇಳುವ ಇ100, ಇ1000 ಅಥವಾ ಇ1000ಇ ಡ್ರೈವರ್ ಇರುವ ಸಂಭವ ಕಡಿಮೆ. ಇನಿಟ್‌ರಾಮ್‌ಎಫ್‌ಎಸ್ (ಇನಿಟ್‌ಆರ್‌ಡಿಯ ಈಗಿನ ರೂಪ) ಸಂರಚನಾ ಕಡತದಲ್ಲಿ ‘ಮಾಡ್ಯೂಲ್ಸ್’ ಎಂಬಲ್ಲಿ ನೆಟ್‌ಬೂಟ್ ಎಂದೂ, ‘ಬೂಟ್’ ಎಂಬಲ್ಲಿ ಎನ್‌ಎಫ್‌ಎಸ್ ಎಂದೂ ಬರೆದು ಹೊಸ ಇನಿಟ್‌ಆರ್‌ಡಿ ತಯಾರಿಸಿರಿ.

ಆದರೆ ಸರ್ವರಿನ ಮೂಲ ಸಂರಚನೆಯನ್ನು ಮುಟ್ಟಬೇಡಿ. ನೆಟ್‌ಬೂಟ್ ಆಯ್ಕೆಯು ಡಿಸ್ಕಿನ ಡ್ರೈವರುಗಳನ್ನು ಕೈಬಿಡುತ್ತದೆ. ಒಮ್ಮೆ ನಾನು ಅದನ್ನು ಸರ್ವರಿನಲ್ಲೇ ಬದಲಿಸಿ, ಮರುದಿನ ಆ ಸರ್ವರಿಗೆ ತನ್ನದೇ ಡಿಸ್ಕ್ ಕಾಣದೆ ಅರ್ಧ ದಿನ ಕಳೆದುಕೊಂಡೆ. ಸಂರಚನೆಯ ಫೋಲ್ಡರಿನ ಪ್ರತಿಯೊಂದನ್ನು ಬೇರೆಡೆ ಮಾಡಿಕೊಂಡು, ಇನಿಟ್‌ಆರ್‌ಡಿ ತಯಾರಿಸುವ ಎಂಕೆಇನಿಟ್‌ರಾಮ್‌ಎಫ್‌ಎಸ್ ಆಜ್ಞೆಗೆ ‘ಡಿ’ ಆಯ್ಕೆಯಿಂದ ಆ ಪ್ರತಿಯನ್ನೂ, ‘ಒ’ ಆಯ್ಕೆಯಿಂದ ಟಿಎಫ್‌ಟಿಪಿ ಫೋಲ್ಡರಿನ ಕಡತದ ಹೆಸರನ್ನೂ ಕೊಡಿ.

ಇನ್ನು ಎರಡನೆಯ ಪ್ರಶ್ನೆ. ಇಡೀ ವ್ಯವಸ್ಥೆಯನ್ನು ಮೆಮೊರಿಯಲ್ಲಿಡುವುದು ಸಾಧ್ಯ, ಆದರೆ ನಿಮ್ಮ 512 ಎಂಬಿಗೆ ನಾನು ಸಲಹೆ ಮಾಡುವುದಿಲ್ಲ. ಬಿಚ್ಚಿಕೊಳ್ಳುವ ಹೊತ್ತಿನಲ್ಲಿ ಸಂಕುಚಿತ ಕಡತ, ಬಿಚ್ಚಿದ ಕಡತಗಳು ಎರಡೂ ಒಟ್ಟಿಗೆ ಮೆಮೊರಿಯಲ್ಲಿರಬೇಕು: 150 ಎಂಬಿಯ ಕಡತ ಬಿಚ್ಚಿ 400 ಎಂಬಿಯಾದರೆ ಅಲ್ಲಿಗೇ 550 ಆಯಿತು. ಟಿಎಫ್‌ಟಿಪಿಯೂ ದೊಡ್ಡ ಕಡತಕ್ಕೆ ಹೇಳಿಸಿದ್ದಲ್ಲ. ಮೂಲ ನಿಯಮದಂತೆ ಒಂದು ತುಣುಕಿಗೆ 512 ಬೈಟ್, ತುಣುಕಿನ ಕ್ರಮಸಂಖ್ಯೆಗೆ 16 ಬಿಟ್. ಆದ್ದರಿಂದ ತುಣುಕಿನ ಗಾತ್ರ ಹೆಚ್ಚಿಸುವ ಸೌಲಭ್ಯವಿಲ್ಲದ ಹಳೆಯ ರೋಮ್‌ಗಳು ಸುಮಾರು 32 ಎಂಬಿಗೆ ಎಡವುವುದುಂಟು. ಅನಿವಾರ್ಯವಾದರೆ ಮೊದಲು ಐಪಿಎಕ್ಸ್‌ಇಯನ್ನು (ಪಿಎಕ್ಸ್‌ಇಯ ಸುಧಾರಿತ ರೂಪ) ತರಿಸಿ, ಉಳಿದುದನ್ನು ವೆಬ್ ಪುಟಗಳು ಬರುವ ಎಚ್‌ಟಿಟಿಪಿ ವಿಧಾನದಿಂದ ಪಡೆಯಬಹುದು.

ವಾಚನಾಲಯಕ್ಕೆ ಚಿಕ್ಕ ಇನಿಟ್‌ಆರ್‌ಡಿ ಮತ್ತು ಎನ್‌ಎಫ್‌ಎಸ್ ಜೋಡಿಯೇ ಸರಿ. ನಾಲ್ಕೂ ಯಂತ್ರಗಳು ಒಂದೇ ಕಡತವ್ಯವಸ್ಥೆಯನ್ನು ಬಳಸುವುದರಿಂದ ಅದನ್ನು ಓದಲು ಮಾತ್ರ ತೆರೆದಿಡಿ. ಹಳೆಯ ಯಂತ್ರಕ್ಕೆ ಮುಂದೆ ಎರಡನೆಯ ಕಾರ್ಡ್ ಹಾಕಿದರೆ, ಪಿಎಕ್ಸ್‌ಇಲಿನಕ್ಸ್ (ಪಿಎಕ್ಸ್‌ಇಯಲ್ಲಿ ಕರ್ನೆಲನ್ನು ತಂದು ಚಾಲೂ ಮಾಡುವ ಪ್ರೋಗ್ರಾಂ) ಸಂರಚನೆಯಲ್ಲಿ ‘ಐಪಿಅಪೆಂಡ್ 2’ ಎಂಬ ಸಾಲು ಸೇರಿಸಿ. ಯಾವ ಕಾರ್ಡಿನಿಂದ ಕಡತ ಬಂದಿತೋ ಅದರ ಗುರುತು ಕರ್ನೆಲ್‌ಗೆ ತಲುಪಿ, ಇನಿಟ್‌ಆರ್‌ಡಿ ಅದೇ ಕಾರ್ಡನ್ನು ಹಿಡಿಯುತ್ತದೆ.