ಬೆಳೆಯುವ ಉಪನಗರಕ್ಕೆ ಪುರಸಭೆಯ ವಿಮಾನ ನಿಲ್ದಾಣ: ಮೊದಲು ಸುತ್ತಲಿನ ಜಾಗ, ಆಮೇಲೆ ರನ್‌ವೇ

ಪ್ರಶ್ನೆ ಕೇಳಿರುವ ಸದಸ್ಯರಿಗೆ ನಮಸ್ಕಾರ. ವೇಗವಾಗಿ ಬೆಳೆಯುತ್ತಿರುವ ಉಪನಗರವೊಂದರಲ್ಲಿ ಪುರಸಭೆಯೇ ಸಣ್ಣ ವಿಮಾನ ನಿಲ್ದಾಣ ಕಟ್ಟಲು ಹೊರಟರೆ ಹಾರಾಟದ ಹವ್ಯಾಸವಿರುವ ನಾವು ಅದನ್ನು ಬೆಂಬಲಿಸಬೇಕೇ ಎಂದು ಕೇಳಿದ್ದೀರಿ. ಮೇಲೆ ಉತ್ತರಿಸಿದವರಲ್ಲಿ ಕೆಲವರು ಉದ್ಯಮ ಬರುತ್ತದೆ ಎಂದಿದ್ದಾರೆ, ಕೆಲವರು ಸದ್ದು ಬರುತ್ತದೆ ಎಂದಿದ್ದಾರೆ. ಎರಡೂ ನಿಜ. ಆದರೆ ತೀರ್ಮಾನ ನಿಂತಿರುವುದು ಬೇರೊಂದು ಪ್ರಶ್ನೆಯ ಮೇಲೆ: ರನ್‌ವೇ ಸುತ್ತಲಿನ ಜಾಗದಲ್ಲಿ ಮುಂದಿನ ನಲವತ್ತು ಐವತ್ತು ವರ್ಷ ಮನೆಗಳು ಏಳದಂತೆ ನೋಡಿಕೊಳ್ಳುವ ಶಕ್ತಿ ಮತ್ತು ಮನಸ್ಸು ಪುರಸಭೆಗೆ ಇದೆಯೇ? ಇಲ್ಲವೆಂದಾದರೆ ಕಟ್ಟಬಾರದು. ವಿಮಾನಗಳ ಮೇಲಿನ ಪ್ರೀತಿಯಿಂದಲೇ ಈ ಮಾತು ಹೇಳುತ್ತಿದ್ದೇನೆ.

ರನ್‌ವೇಗೆ ಬೇಕಾಗುವ ನೆಲ ನಾವು ಅಂದುಕೊಳ್ಳುವಷ್ಟು ಹೆಚ್ಚೇನಲ್ಲ. ನಾಲ್ಕು ಸೀಟಿನ ಸೆಸ್ನಾ 172 ವಿಮಾನಕ್ಕೆ ಸಮುದ್ರಮಟ್ಟದಲ್ಲಿ, ಹದವಾದ ಹವೆಯಲ್ಲಿ, ಓಡಿ ಮೇಲೆದ್ದು 50 ಅಡಿ ಎತ್ತರ ದಾಟಲು ಸುಮಾರು 500 ಮೀಟರ್ ಸಾಕು. ಎತ್ತರದ ಪ್ರದೇಶದಲ್ಲಿ, ಬಿಸಿಲಿನ ದಿನ, ಗಾಳಿ ತೆಳುವಾಗಿ ಇದೇ ಓಟ ಬಹಳ ಉದ್ದವಾಗುತ್ತದೆಯಾದ್ದರಿಂದ 1,000 ಮೀಟರ್ ಇಟ್ಟುಕೊಳ್ಳುವುದು ಕ್ಷೇಮ. ಎಟಿಆರ್ 72 ತರಹದ ಪ್ರಯಾಣಿಕ ವಿಮಾನ ಪೂರ್ಣ ತೂಕದಲ್ಲಿ ಏರಬೇಕಾದರೆ ಸಮುದ್ರಮಟ್ಟದಲ್ಲಿಯೇ ಬೇಕಾಗುವ ಉದ್ದ 1,300 ಮೀಟರ್ ದಾಟುತ್ತದೆ.

ನಿಜವಾದ ಬೇಡಿಕೆ ಇರುವುದು ರನ್‌ವೇ ತುದಿಯಿಂದ ಆಚೆಗೆ. ಪುರಸಭೆಯ ವಿಮಾನ ನಿಲ್ದಾಣಗಳು ಅತಿ ಹೆಚ್ಚು ಇರುವ ಅಮೆರಿಕದ ನಿಯಮವನ್ನೇ ತೆಗೆದುಕೊಳ್ಳೋಣ. ಸಣ್ಣ ವಿಮಾನಗಳು ಕಣ್ಣಳತೆಯಿಂದ ಇಳಿಯುವ ರನ್‌ವೇಯಲ್ಲಿ, ಡಾಂಬರಿನ ತುದಿಯಿಂದ 200 ಅಡಿ ಆಚೆ ಒಂದು ಕಾಲ್ಪನಿಕ ಇಳಿಜಾರು ಶುರುವಾಗಿ 20ಕ್ಕೆ 1ರಂತೆ, ಅಂದರೆ 20 ಮೀಟರ್ ಮುಂದೆ ಹೋದಾಗ 1 ಮೀಟರ್, ಏರುತ್ತಾ ಹೋಗುತ್ತದೆ; ಅದನ್ನು ಮೀರಿ ಎದ್ದದ್ದು ಅಡಚಣೆ. ಹಾಗಾಗಿ 15 ಮೀಟರ್ ಎತ್ತರದ ನಾಲ್ಕು ಅಂತಸ್ತಿನ ಮನೆ, ಸಮತಟ್ಟಾದ ನೆಲದಲ್ಲಿ, ಆ ಇಳಿಜಾರು ಶುರುವಾಗುವಲ್ಲಿಂದ 300 ಮೀಟರ್ ಒಳಗೆ ಬಂದರೆ ಅಡಚಣೆಯೆನಿಸುತ್ತದೆ. ಮುಂದೊಂದು ದಿನ ಉಪಕರಣಗಳ ನೆರವಿನಿಂದ ನಿಖರವಾಗಿ ಇಳಿಯುವ ವ್ಯವಸ್ಥೆ ಬೇಕೆನಿಸಿದರೆ ಇಳಿಜಾರು 50ಕ್ಕೆ 1 ಆಗುತ್ತದೆ, ಅದೇ ಮನೆಗೆ 750 ಮೀಟರ್ ದೂರ ಬೇಕಾಗುತ್ತದೆ. ಬದಿಗಳಲ್ಲಿ 7ಕ್ಕೆ 1ರ ಇಳಿಜಾರು. ಅದರಾಚೆ ನಿಲ್ದಾಣದ ಮಟ್ಟದಿಂದ 150 ಅಡಿ ಎತ್ತರದಲ್ಲಿ ಸಾವಿರಾರು ಅಡಿ ಹರಡಿರುವ ಸಮತಲ. ಮರ, ನೀರಿನ ಟ್ಯಾಂಕು, ಮೊಬೈಲ್ ಟವರು, ಕಟ್ಟಡ ಕೆಲಸದ ಕ್ರೇನು, ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಗೆರೆಯನ್ನು ಮೀರುವ ಕಟ್ಟಡವನ್ನು ಅಲ್ಲಿನ ಕೇಂದ್ರ ವಿಮಾನಯಾನ ಸಂಸ್ಥೆ ಎಫ್‌ಎಎ ಅಡಚಣೆಯೆಂದು ಗುರುತಿಸಬಲ್ಲದೇ ಹೊರತು ಅದನ್ನು ಕಟ್ಟದಂತೆ ತಡೆಯುವ ಅಧಿಕಾರ ಅದಕ್ಕಿಲ್ಲ. ಭೂಬಳಕೆಯ ಅಧಿಕಾರ ಸ್ಥಳೀಯ ಆಡಳಿತದ್ದು. ಅಂದರೆ ಯಾವ ಪುರಸಭೆ ಹೊಸ ಬಡಾವಣೆಗೆ ಪರವಾನಗಿ ಕೊಟ್ಟು ಮನೆ ತೆರಿಗೆ ಎಣಿಸಿಕೊಳ್ಳುತ್ತದೆಯೋ ಅದೇ ಪುರಸಭೆ ರನ್‌ವೇಯನ್ನೂ ಕಾಯಬೇಕು. ಬೆಳೆಯುತ್ತಿರುವ ಊರಿನಲ್ಲಿ ಈ ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು.

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರದ ವಿಮಾನ ನಿಲ್ದಾಣ ಇದಕ್ಕೆ ಸ್ಪಷ್ಟ ಉದಾಹರಣೆ. ಒಂದು ಕಾಲಕ್ಕೆ ಡಗ್ಲಸ್ ಕಂಪನಿ ವಿಮಾನ ತಯಾರಿಸುತ್ತಿದ್ದ ಆ ನಿಲ್ದಾಣವನ್ನು ಮನೆಗಳು ಎಲ್ಲ ಕಡೆಯಿಂದ ಒತ್ತರಿಸಿದವು. ದಶಕಗಳ ವ್ಯಾಜ್ಯದ ನಂತರ 2017ರಲ್ಲಿ ಆದ ಒಪ್ಪಂದದಂತೆ ರನ್‌ವೇಯನ್ನು 4,973 ಅಡಿಯಿಂದ 3,500 ಅಡಿಗೆ ಇಳಿಸಲಾಯಿತು, 2028ರ ಡಿಸೆಂಬರ್ 31ರ ನಂತರ ನಿಲ್ದಾಣವನ್ನೇ ಮುಚ್ಚುವ ಹಕ್ಕು ನಗರಕ್ಕೆ ಸಿಕ್ಕಿತು. ಹೊಸದಾಗಿ ಕಟ್ಟುವವರು ಇದರ ಇನ್ನೊಂದು ಮುಖವನ್ನೂ ನೋಡಬೇಕು. ಎಫ್‌ಎಎ ಅನುದಾನ ಪಡೆದ ನಿಲ್ದಾಣವನ್ನು ಸಾಮಾನ್ಯವಾಗಿ 20 ವರ್ಷ ನಡೆಸಲೇಬೇಕು, ಅನುದಾನದಿಂದ ಜಮೀನು ಕೊಂಡಿದ್ದರೆ ಆ ಕಟ್ಟುಪಾಡಿಗೆ ಕೊನೆಯೇ ಇಲ್ಲ. ಮನಸ್ಸು ಬದಲಾಯಿಸುವ ಅವಕಾಶ ಪುರಸಭೆಗೆ ಸುಲಭವಾಗಿ ಸಿಗುವುದಿಲ್ಲ.

ಜಾಗ ಆರಿಸುವಾಗ ಗಾಳಿಯ ಮಾತನ್ನು ಮೊದಲು ಕೇಳಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸಿನಂತೆ ಕನಿಷ್ಠ 95 ಶೇಕಡಾ ಸಮಯ ರನ್‌ವೇ ಬಳಕೆಗೆ ಯೋಗ್ಯವಾಗಿರಬೇಕು. 1,200 ಮೀಟರಿಗಿಂತ ಚಿಕ್ಕ ರನ್‌ವೇ ಸಾಕಾಗುವ ವಿಮಾನಗಳಿಗೆ ಅಡ್ಡಗಾಳಿಯ, ಅಂದರೆ ರನ್‌ವೇಗೆ ಅಡ್ಡಲಾಗಿ ಬೀಸುವ ಗಾಳಿಯ, ಮಿತಿ 10 ನಾಟ್ (ಗಂಟೆಗೆ ಸುಮಾರು 19 ಕಿ.ಮೀ.) ಎಂದು ಹಿಡಿಯುತ್ತಾರೆ. ಗಾಳಿಯ ದಾಖಲೆ ಕನಿಷ್ಠ 5 ವರ್ಷದ್ದಿರಬೇಕು. ಹೀಗೆ ಗಾಳಿ ಹೇಳಿದ ದಿಕ್ಕೂ ಉಪನಗರ ಬೆಳೆಯುತ್ತಿರುವ ದಿಕ್ಕೂ ಒಂದೇ ಆದರೆ, ಏರುವ ಮತ್ತು ಇಳಿಯುವ ವಿಮಾನಗಳೆಲ್ಲ ನಾಳೆಯ ಶಾಲೆ, ಮನೆಗಳ ಮೇಲೆಯೇ ಹಾದುಹೋಗುತ್ತವೆ. ಅಂಥ ಜಾಗವನ್ನು ಚರ್ಚೆಯಿಲ್ಲದೆ ಕೈಬಿಡಬೇಕು.

ಸದ್ದಿನ ವಿಷಯದಲ್ಲಿ ಸರಾಸರಿ ಅಂಕಿಗಳನ್ನು ನಂಬಿ ಕೂರಬೇಡಿ. ಅಮೆರಿಕದಲ್ಲಿ ಹಗಲು-ರಾತ್ರಿಯ ಸರಾಸರಿ 65 ಡೆಸಿಬೆಲ್ ಒಳಗಿದ್ದರೆ ಮನೆಗಳಿಗೆ ಹೊಂದುತ್ತದೆ ಎನ್ನುತ್ತಾರೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಹಾರಾಟಕ್ಕೆ 10 ಡೆಸಿಬೆಲ್ ಹೆಚ್ಚುವರಿಯಾಗಿ ಸೇರಿಸುತ್ತಾರೆ. ಸಣ್ಣ ನಿಲ್ದಾಣವೊಂದು ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಆದರೆ ತರಬೇತಿ ವಿಮಾನ ಸುಮಾರು 1,000 ಅಡಿ ಎತ್ತರದಲ್ಲಿ ಇಳಿದು ಏರಿ, ಇಳಿದು ಏರಿ ಸುತ್ತು ಹಾಕುವಾಗ ಒಂದು ಸುತ್ತಿಗೆ ಹಿಡಿಯುವುದು ಆರೇಳು ನಿಮಿಷ. ಅದರ ಕೆಳಗೆ ಮನೆ ಮಾಡಿದವರಿಗೆ ರಜಾದಿನದ ಬೆಳಗೆಲ್ಲ ಅದೇ ಎಂಜಿನ್ ಮತ್ತೆ ಮತ್ತೆ ಕೇಳಿಸುತ್ತದೆ. ಅವರ ದೂರು ನ್ಯಾಯವಾದದ್ದು. ನಮ್ಮ ಹವ್ಯಾಸಕ್ಕಾಗಿ ಅದನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ.

ಇಂಧನದ ವಿಷಯ ಇದಕ್ಕಿಂತ ಗಂಭೀರ. ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್‌ಗಳಲ್ಲಿ ಬಳಸುವ 100ಎಲ್‌ಎಲ್ ಎಂಬ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಕ್ಯಾಲಿಫೋರ್ನಿಯಾದ ರೀಡ್-ಹಿಲ್‌ವ್ಯೂ ನಿಲ್ದಾಣದ ಸುತ್ತ ವಾಸಿಸುವ ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ 2021ರಲ್ಲಿ ಅಧ್ಯಯನ ವರದಿ ಬಂದ ನಂತರ, 2022ರ ಆರಂಭದಿಂದ ಅಲ್ಲಿ ಸೀಸದ ಇಂಧನದ ಮಾರಾಟವನ್ನೇ ನಿಲ್ಲಿಸಲಾಯಿತು. ಮಕ್ಕಳಿರುವ ಹೊಸ ಬಡಾವಣೆಗಳ ಪಕ್ಕದಲ್ಲಿ ಕಟ್ಟುವುದಾದರೆ ಮೊದಲ ದಿನದಿಂದಲೇ ಸೀಸರಹಿತ ಇಂಧನ ಎಂಬ ಷರತ್ತು ಇರಲೇಬೇಕು.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಮಳೆನೀರಿನ ಹೊಂಡಗಳು. ಬಡಾವಣೆಗಳು ಬೆಳೆದಂತೆ ಹೊಂಡಗಳೂ ಬರುತ್ತವೆ, ಹೊಂಡಕ್ಕೆ ಹಕ್ಕಿಗಳು ಬರುತ್ತವೆ, ಹಕ್ಕಿಗಳು ವಿಮಾನಕ್ಕೆ ಡಿಕ್ಕಿ ಹೊಡೆಯುವ ಅಪಾಯವಿದೆ. ಪಿಸ್ಟನ್ ವಿಮಾನಗಳ ನಿಲ್ದಾಣದಿಂದ 5,000 ಅಡಿ, ಜೆಟ್‌ಗಳು ಬರುವಲ್ಲಿ 10,000 ಅಡಿ ಒಳಗೆ ಇಂಥವು ಬೇಡ, ಅನಿವಾರ್ಯವಾದರೆ ಮಳೆ ನಿಂತ 48 ಗಂಟೆಯೊಳಗೆ ನೀರು ಬರಿದಾಗಬೇಕು ಎಂದು ಎಫ್‌ಎಎ ಸೂಚಿಸುತ್ತದೆ.

ಹಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಬಾಡಿಗೆ, ಇಂಧನ ಮಾರಾಟ, ಜಮೀನಿನ ಗುತ್ತಿಗೆ, ಇಷ್ಟೇ ಆದಾಯ; ಸಣ್ಣ ನಿಲ್ದಾಣಗಳಲ್ಲಿ ಬಹಳಷ್ಟು ಸ್ಥಳೀಯ ತೆರಿಗೆಯ ಆಸರೆಯಲ್ಲಿಯೇ ನಡೆಯುತ್ತವೆ. ಏರ್ ಆಂಬುಲೆನ್ಸ್ ಒಂದೇ ಕಾರಣವಾಗಿದ್ದರೆ ಆಸ್ಪತ್ರೆಯ ಬಳಿ ಒಂದು ಹೆಲಿಪ್ಯಾಡ್ ಆ ಕೆಲಸದ ದೊಡ್ಡ ಪಾಲನ್ನು ಮಾಡುತ್ತದೆ.

ಆದ್ದರಿಂದ ಸಭೆಗೆ ಹೋದಾಗ ಟರ್ಮಿನಲ್‌ನ ಚಿತ್ರ ನೋಡುವ ಮೊದಲು ಭೂಬಳಕೆಯ ನಕ್ಷೆ ಕೇಳಿ. ಇಳಿಜಾರಿನ ಗೆರೆಗಳು, ತರಬೇತಿ ಸುತ್ತಿನ ದಾರಿ, ಈಗಾಗಲೇ ಮಂಜೂರಾಗಿರುವ ಬಡಾವಣೆಗಳು, ಮೂರೂ ಒಂದೇ ಹಾಳೆಯ ಮೇಲೆ ಇರಲಿ. ರನ್‌ವೇ ತುದಿಗಳಲ್ಲಿನ ಜಮೀನನ್ನು ಪುರಸಭೆ ಮೊದಲೇ ಕೊಂಡು, ಎತ್ತರದ ಮಿತಿಯನ್ನು ಟೆಂಡರ್ ಕರೆಯುವ ಮುನ್ನ ಕಾನೂನಾಗಿ ಜಾರಿಗೆ ತರಲು ಒಪ್ಪಿದರೆ ಬೆಂಬಲಿಸಿ. ಒಪ್ಪದಿದ್ದರೆ, ಮುಕ್ಕಾಲು ಗಂಟೆಯ ದಾರಿಯೊಳಗೆ ಈಗಾಗಲೇ ಇರುವ ಯಾವುದಾದರೂ ನಿಲ್ದಾಣದ ಆಡಳಿತದಲ್ಲಿ ಪಾಲು ಪಡೆದು, ಅಲ್ಲಿ ಹ್ಯಾಂಗರ್ ಕಟ್ಟಲು ಆ ಹಣ ಹಾಕುವಂತೆ ಲಿಖಿತವಾಗಿ ಮನವಿ ಕೊಡಿ.