ಮೈಸೂರಿನ ಒಂದು ವರ್ಷದ ಬಿಇ ಅರ್ಜಿಯಲ್ಲಿ ತೋರಿಸಲೇಬೇಕಾ?

ತೋರಿಸಲೇಬೇಕು. ಮೈಸೂರಲ್ಲಿ ಒಂದು ವರ್ಷ ಬಿಇ ಓದಿ ಬಿಟ್ಟಿದ್ದೀರಿ, ಎರಡು ಸಬ್ಜೆಕ್ಟ್ ಬ್ಯಾಕ್ ಇದೆ, ಈಗ ಕ್ಯಾಲಿಫೋರ್ನಿಯಾದ ಡಿ ಆನ್ಜಾ ಕಮ್ಯುನಿಟಿ ಕಾಲೇಜಿಂದ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಟ್ರಾನ್ಸ್‌ಫರ್ ಹಾಕುವಾಗ ಹಳೇದನ್ನ ಸುಮ್ನೆ ಬಿಟ್ಟುಬಿಡಬಹುದಾ ಅಂತ ಕೇಳಿದ್ದೀರಿ ಅಲ್ವಾ. ಬೇಡ. ಯಾವ ದೇಶದಲ್ಲಿ ಯಾವ ಕಾಲೇಜಿಗೆ ಸೇರಿದ್ದರೂ ಯುಸಿ ಅರ್ಜಿಯಲ್ಲಿ ಬರೆಯಬೇಕು. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಸಿಕ್ಕ ಸೀಟೂ ಹೋಗಬಹುದು.

ಫೇಲಾದದ್ದನ್ನೂ ಸೇರಿಸಿ, ಅಂಕಪಟ್ಟಿಯಲ್ಲಿ ಇರುವ ಹಾಗೇ ಹಾಕಿ. 62 ಅಂದರೆ ಅಮೆರಿಕದ ಗ್ರೇಡಲ್ಲಿ ಬಿ ಇರಬೇಕೋ ಸಿ ಇರಬೇಕೋ ಅಂತ ನೀವೇ ಲೆಕ್ಕ ಹಾಕಲು ಹೋಗಬೇಡಿ, ನಾನು ಒಂದು ರಾತ್ರಿ ಪೂರ್ತಿ ಕ್ಯಾಲ್ಕುಲೇಟರ್ ಹಿಡಿದು ಅದನ್ನೇ ಮಾಡಿ ಬೆಳಿಗ್ಗೆ ಎಲ್ಲಾ ಅಳಿಸಿದ್ದೆ.

ನಿಮ್ಮ ಕಾಲೇಜಲ್ಲಿ ಸೆಮಿಸ್ಟರ್ ಬದಲು ಕ್ವಾರ್ಟರ್ ಲೆಕ್ಕ, ಹಾಗಾಗಿ ಯುಸಿಗೆ ಹೋಗಲು 90 ಯೂನಿಟ್ (ಕ್ರೆಡಿಟ್) ಬೇಕು. ನಿಮ್ಮ ಕಾಲೇಜಿನ ಯಾವ ಕೋರ್ಸನ್ನು ಯಾವ ಯುಸಿ ಕ್ಯಾಂಪಸ್ ಒಪ್ಪುತ್ತೆ ಅಂತ ಅಸಿಸ್ಟ್ (assist.org) ವೆಬ್‌ಸೈಟಲ್ಲಿ ನೋಡಿ. ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಅಂತ ಒಂದಿದೆ, ಷರತ್ತು ಪೂರೈಸಿದರೆ ಸೀಟು ಗ್ಯಾರಂಟಿ, ಸೆಪ್ಟೆಂಬರಲ್ಲೇ ಹಾಕಬೇಕು. ಯುಸಿಯ ಆರು ಕ್ಯಾಂಪಸ್‌ನಲ್ಲಿದೆ, ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊಗೆ ಇಲ್ಲ. ಕಂಪ್ಯೂಟರ್ ಸೈನ್ಸ್‌ಗೆ ಟ್ಯಾಗ್ ಕೊಡದ ಕ್ಯಾಂಪಸ್‌ಗಳೂ ಇವೆ, ಮೊದಲೇ ನೋಡಿಕೊಳ್ಳಿ.

ಬ್ಯಾಕ್ ಯಾಕಾಯ್ತು ಅನ್ನೋದನ್ನು ಅರ್ಜಿಯಲ್ಲೇ ಎರಡು ಸಾಲಲ್ಲಿ ಹೇಳಿ, ಅಳಬೇಡಿ. ಟ್ರಾನ್ಸ್‌ಕ್ರಿಪ್ಟ್ ಅರ್ಜಿ ಜೊತೆ ಕಳಿಸೋ ಹಾಗಿಲ್ಲ, ಸೀಟು ಸಿಕ್ಕಮೇಲೆ ಕೇಳುತ್ತಾರೆ. ಆದರೆ ಊರಿಂದ ಅದನ್ನು ತರಿಸೋದಕ್ಕೆ ಟೈಮ್ ಜಾಸ್ತಿ ಬೇಕು. ಮೈಸೂರಲ್ಲಿ ತಮ್ಮನೋ ಚಿಕ್ಕಪ್ಪನೋ ಇದ್ದರೆ ಈಗಲೇ ಕಾಲೇಜಿಗೆ ಕಳಿಸಿ.